ಐಡ್ಲಿಂಗ್ ಸರಿ, ಓಟದಲ್ಲಿ ನಿಲ್ಲುತ್ತದೆ: ಹಳೆಯ ಔಟ್‌ಬೋರ್ಡ್ ಎಂಜಿನ್ನಿನ ದೋಷ ಹುಡುಕುವ ಬಗೆ

ದೋಣಿ ಕಟ್ಟುವ ಧಕ್ಕೆಯಲ್ಲಿ ಎರಡು ಸಲ ಹಗ್ಗ ಎಳೆಯುವಷ್ಟರಲ್ಲಿ ಔಟ್‌ಬೋರ್ಡ್, ಅಂದರೆ ದೋಣಿಯ ಹಿಂಬದಿ ಹಲಗೆಗೆ ಹೊರಗಿನಿಂದ ಸಿಗಿಸುವ ಎಂಜಿನ್, ಸ್ಟಾರ್ಟ್ ಆಗುತ್ತದೆ. ಐಡ್ಲಿಂಗ್ ಸಮವಾಗಿದೆ. ಗೇರ್ ಹಾಕಿ ನಿಧಾನಕ್ಕೆ ಹೊರಟರೆ ಏನೂ ತಕರಾರಿಲ್ಲ. ಥ್ರಾಟಲ್ ಪೂರ್ತಿ ತಿರುಗಿಸಿ, ದೋಣಿ ಓಟ ಹಿಡಿದು ಐದು ಹತ್ತು ನಿಮಿಷ ಕಳೆಯುವಷ್ಟರಲ್ಲಿ ಶಬ್ದ ಕುಗ್ಗುತ್ತದೆ, ಎಂಜಿನ್ ಮುಗ್ಗರಿಸುತ್ತದೆ, ನಿಂತುಹೋಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಎಳೆದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊತ್ತಿಕೊಳ್ಳುತ್ತದೆ.

ಹಳೆಯ ದೋಣಿ ಕೊಂಡು ರಿಪೇರಿ ಮಾಡಿ ಹೊಳೆಗಿಳಿಸುವವರನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ದೋಷ ಇದು. ಇಲ್ಲಿ ಬರೆದಿರುವುದು ಅದೊಂದರ ಬಗ್ಗೆಯೇ. 12ರಿಂದ 16 ಅಡಿಯ ಫೈಬರ್ ದೋಣಿ, ಹಗ್ಗ ಎಳೆದು ಸ್ಟಾರ್ಟ್ ಮಾಡುವ 8ರಿಂದ 25 ಎಚ್‌ಪಿಯ ಟೂ ಸ್ಟ್ರೋಕ್ ಎಂಜಿನ್, ಕಾರ್ಬುರೇಟರ್, ಬೇರೆಯಾಗಿ ಇಡುವ ಪೆಟ್ರೋಲ್ ಟ್ಯಾಂಕ್, ನಡುವೆ ಕೈಯಿಂದ ಒತ್ತಿ ಪೆಟ್ರೋಲ್ ತಳ್ಳುವ ರಬ್ಬರ್ ಬಲ್ಬ್ ಇರುವ ಪೈಪು. ಕುಂದಾಪುರ, ಗಂಗೊಳ್ಳಿ, ಕೋಡಿಬೆಂಗ್ರೆ, ಕಾರವಾರದ ಕಡೆ ಹವ್ಯಾಸಕ್ಕೆಂದು ಜನ ಕೊಳ್ಳುವ ಹಳೆಯ ದೋಣಿಗಳು ಹೆಚ್ಚಾಗಿ ಇದೇ ಜಾತಿಯವು.

ಈ ದೋಷ ಕಂಡ ಕೂಡಲೇ ಎಲ್ಲರ ಕೈ ಹೋಗುವುದು ಕಾರ್ಬುರೇಟರಿಗೆ. ಮನೆಗೆ ತಂದು ಬಿಚ್ಚುತ್ತಾರೆ, ತೊಳೆಯುತ್ತಾರೆ, ಜೋಡಿಸುತ್ತಾರೆ, ಜೊತೆಗೆ ಪ್ಲಗ್ಗನ್ನೂ ಬದಲಿಸುತ್ತಾರೆ. ನೀರು ತುಂಬಿದ ಡ್ರಮ್ಮಿನಲ್ಲಿ ಇಳಿಸಿ ನೋಡಿದರೆ ಎಂಜಿನ್ ಚೆನ್ನಾಗಿಯೇ ಓಡುತ್ತದೆ. ಮರುದಿನ ಹೊಳೆಯ ನಡುವೆ ಮತ್ತೆ ಅದೇ ಕಥೆ. ಇದಕ್ಕೆ ಕಾರಣ ಸರಳ: ಭಾರ ಬಿದ್ದಾಗ ಮಾತ್ರ ಬರುವ ದೋಷವನ್ನು ಭಾರವಿಲ್ಲದ ಕಡೆ ಹುಡುಕಲಾಗುವುದಿಲ್ಲ. ಡ್ರಮ್ಮು ಐಡ್ಲಿಂಗ್ ನೋಡುವುದಕ್ಕೆ, ತಂಪು ನೀರು ಬರುತ್ತಿದೆಯೇ ಎಂದು ನೋಡುವುದಕ್ಕೆ ಸಾಕು. ಓಟದ ದೋಷಕ್ಕೆ ಓಟವೇ ಬೇಕು. ಎಂಜಿನ್ ನಿಂತ ಮೊದಲ ಒಂದು ನಿಮಿಷದಲ್ಲಿ ಸಿಗುವ ಸಾಕ್ಷ್ಯ ಆಮೇಲೆ ಇಡೀ ದಿನ ಕೂತು ಬಿಚ್ಚಿದರೂ ಸಿಗುವುದಿಲ್ಲ. ಆ ನಿಮಿಷವನ್ನು ಮತ್ತೆ ಮತ್ತೆ ಹಗ್ಗ ಎಳೆಯುವುದರಲ್ಲಿ ಕಳೆಯಬೇಡಿ ಎಂಬುದೇ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತು.

ಎಲ್ಲಿ, ಯಾವಾಗ ಪರೀಕ್ಷಿಸಬೇಕು

ಎಂಜಿನ್ ನಿಲ್ಲುತ್ತದೆ ಎಂದು ಗೊತ್ತಿದ್ದೇ ಹೊರಡುವ ಪ್ರಯಾಣ ಇದು. ಅಳಿವೆಯ, ಅಂದರೆ ಹೊಳೆ ಸಮುದ್ರ ಸೇರುವ ಬಾಯಿಯ, ಹತ್ತಿರ ಹೋಗಲೇಬಾರದು. ಇಳಿತದ ಹೊತ್ತಿನಲ್ಲಿ ಅಳಿವೆಯ ಸೆಳೆತಕ್ಕೆ ಸಿಕ್ಕಿದ ಸಣ್ಣ ದೋಣಿಯನ್ನು ಹುಟ್ಟು ಹಾಕಿ ತಿರುಗಿಸುವುದು ಗಟ್ಟಿ ಆಳಿಗೂ ಕಷ್ಟ. ವಾರಾಹಿ, ಚಕ್ರ, ಸೌಪರ್ಣಿಕೆ ಸೇರಿ ಐದು ಹೊಳೆಗಳು ಕೂಡುವ ಪಂಚಗಂಗಾವಳಿಯಂಥ ಕಡೆ, ಕುದ್ರುಗಳ (ಹೊಳೆಯ ನಡುವಿನ ದ್ವೀಪಗಳ) ಹಿಂದಿನ ಒಳಗಿನ ಕವಲುಗಳಲ್ಲಿ ಬೇಕಾದಷ್ಟು ಜಾಗವಿದೆ. ಉಬ್ಬರ ಏರುತ್ತಿರುವಾಗ ಹೊರಡಿ. ನಿಮ್ಮ ಧಕ್ಕೆಯಿಂದ ಸ್ವಲ್ಪವೇ ಕೆಳಗೆ, ಸಮುದ್ರದ ದಿಕ್ಕಿಗೆ ಹೋಗಿ ಅಲ್ಲಿ ಓಡಿಸಿ ನೋಡಿ. ಎಂಜಿನ್ ನಿಂತರೆ ಏರುವ ನೀರೇ ನಿಮ್ಮನ್ನು ಧಕ್ಕೆಯ ಕಡೆಗೆ ತಳ್ಳುತ್ತದೆ.

ಜೊತೆಗೆ ಇನ್ನೊಬ್ಬರು ಇರಲೇಬೇಕು. ಒಬ್ಬರು ಚುಕ್ಕಾಣಿ ಹಿಡಿದಿದ್ದರೆ ಇನ್ನೊಬ್ಬರು ಬಲ್ಬ್ ಹಿಡಿದು ಕೂರಬಹುದು. ಇಬ್ಬರೂ ಲೈಫ್ ಜಾಕೆಟ್ ಹಾಕಿರಿ. ಹುಟ್ಟು, ಲಂಗರು, ಉದ್ದನೆಯ ಹಗ್ಗ, ಸಣ್ಣದೊಂದು ಅಗ್ನಿಶಾಮಕ ಸಿಲಿಂಡರ್ ಇವು ದೋಣಿಯಲ್ಲಿರಲಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ದೋಣಿಯ ತಳದಲ್ಲಿ ಕೂತುಬಿಡುತ್ತದೆ. ಪೈಪು ಬಿಚ್ಚಿದ ಮೇಲೆ ತಳ ಒರೆಸಿ, ಗಾಳಿಯಾಡಲು ಬಿಟ್ಟು, ವಾಸನೆ ಹೋದ ಮೇಲಷ್ಟೇ ಕಿಡಿ ಪರೀಕ್ಷೆಗೆ ಕೈ ಹಾಕಿ.

ಸಾಮಾನು ಹೆಚ್ಚು ಬೇಡ. ಪ್ಲಗ್ ಪಾನ, ಗೊತ್ತಿದ್ದು ಸರಿಯಿರುವ ಒಂದು ಜೊತೆ ಪ್ಲಗ್, ಸ್ಕ್ರೂಡ್ರೈವರ್, ಕಿಡಿ ನೋಡುವ ಸ್ಪಾರ್ಕ್ ಟೆಸ್ಟರ್, ಒಂದು ಪಾರದರ್ಶಕ ಬಾಟಲಿ, ಪೆಟ್ರೋಲಿಗೆ ಹಾಳಾಗದ ಒಂದಡಿ ಪಾರದರ್ಶಕ ಪೈಪು, ಎರಡು ಕ್ಲಿಪ್ಪು. ಸಿಕ್ಕರೆ ಬೇರೊಂದು ಎಂಜಿನ್ನಿನಲ್ಲಿ ಓಡಿ ಸರಿಯಿದೆ ಎಂದು ಖಾತ್ರಿಯಾದ ಟ್ಯಾಂಕ್ ಮತ್ತು ಪೈಪನ್ನು ಒಂದು ಸಂಜೆಯ ಮಟ್ಟಿಗೆ ಯಾರಿಂದಲಾದರೂ ಕೇಳಿ ತನ್ನಿ. ಅದಕ್ಕಿಂತ ಬೆಲೆಬಾಳುವ ಉಪಕರಣ ಈ ಕೆಲಸಕ್ಕೆ ಬೇರೆ ಇಲ್ಲ.

ನಿಂತ ಆ ನಿಮಿಷ

ಮೊದಲು ಕಿವಿ. ಹೇಗೆ ನಿಂತಿತು? ಸ್ವಿಚ್ ಒತ್ತಿದಂತೆ ಒಮ್ಮೆಲೇ ಕಟ್ ಆದರೆ ಕಿಡಿಯ ಮೇಲೆ ಅನುಮಾನ. ವೇಗ ಏರಿ ಇಳಿದು, ಮುಗ್ಗರಿಸಿ, ಉಸಿರು ಕಟ್ಟಿದಂತೆ ನಿಂತರೆ ಪೆಟ್ರೋಲ್ ಬರುತ್ತಿಲ್ಲ. ಮುಗ್ಗರಿಸದೆ ನಿಧಾನವಾಗಿ ಭಾರವಾಗುತ್ತಾ ಹೋಗಿ ನಿಂತಿತೇ? ಹಾಗಾದರೆ ಹಗ್ಗವನ್ನು ಮೆಲ್ಲನೆ, ಸ್ಟಾರ್ಟ್ ಮಾಡುವ ಉದ್ದೇಶವಿಲ್ಲದೆ ಎಳೆದು ನೋಡಿ. ಯಾವಾಗಿಗಿಂತ ಬಿಗಿಯಾಗಿದ್ದರೆ ಅದು ಬಿಸಿ. ಪಿಸ್ಟನ್ ಸಿಲಿಂಡರನ್ನು ಹಿಡಿಯತೊಡಗಿದೆ. ಅಲ್ಲಿಗೆ ಆ ದಿನದ ಪರೀಕ್ಷೆ ಮುಗಿಯಿತು. ಮತ್ತೆ ಸ್ಟಾರ್ಟ್ ಮಾಡದೆ ಹುಟ್ಟು ಹಾಕಿ ಬನ್ನಿ. ಹಳೆಯ ಎಂಜಿನ್ ಹಾಳಾಗುವುದು ಬಹಳ ಸಲ ಮೊದಲ ಬಿಸಿಗಲ್ಲ, ತಣ್ಣಗಾಯಿತು ಎಂದುಕೊಂಡು ಎರಡನೆಯ ಸಲ ಓಡಿಸಿದಾಗ.

ಬಿಸಿಯಲ್ಲ ಎಂದಾದರೆ ಕಣ್ಣು, ಕೈ. ಬಲ್ಬ್ ನೋಡಿ. ಓಡುವಾಗ ಅದು ಸ್ವಲ್ಪ ಮೆತ್ತಗಿರುವುದು ಸಹಜ. ಒಳಕ್ಕೆ ಎಳೆದುಕೊಂಡು ಚಪ್ಪಟೆಯಾಗಿದ್ದರೆ ಅದಕ್ಕೂ ಟ್ಯಾಂಕಿಗೂ ನಡುವೆ ಎಲ್ಲೋ ದಾರಿ ಮುಚ್ಚಿದೆ, ಅಥವಾ ಟ್ಯಾಂಕಿನೊಳಗೆ ಗಾಳಿ ಹೋಗುತ್ತಿಲ್ಲ. ತಕ್ಷಣ ಟ್ಯಾಂಕಿನ ಮುಚ್ಚಳ ಸಡಿಲಿಸಿ. 'ಸುಯ್' ಎಂದು ಗಾಳಿ ಒಳಗೆ ನುಗ್ಗಿ ಬಲ್ಬ್ ಉಬ್ಬಿದರೆ ದೋಷ ಸಿಕ್ಕಿತು, ಖರ್ಚಿಲ್ಲದೆ.

ಚಪ್ಪಟೆಯಾಗಿಲ್ಲವೇ? ಕಾರ್ಬುರೇಟರಿನ ಅಡಿಯ ಬಟ್ಟಲಿಗೆ ಒಂದು ಡ್ರೈನ್ ಸ್ಕ್ರೂ ಇರುತ್ತದೆ. ಬಲ್ಬ್ ಮುಟ್ಟುವ ಮೊದಲೇ ಬಾಟಲಿ ಹಿಡಿದು ಅದನ್ನು ಬಿಚ್ಚಿ. ಬಟ್ಟಲು ಖಾಲಿಯಿದ್ದರೆ ದೋಷ ಕಾರ್ಬುರೇಟರಿಗಿಂತ ಹಿಂದಿದೆ: ಟ್ಯಾಂಕ್, ಪೈಪು, ಬಲ್ಬ್, ಪಂಪು. ಅಪರೂಪಕ್ಕೆ ಬಟ್ಟಲಿನ ಬಾಯಿಯ ಸೂಜಿಯೇ ಅಂಟಿಕೊಂಡು ಪೆಟ್ರೋಲನ್ನು ತಡೆದಿರಬಹುದು. ಬಟ್ಟಲು ತುಂಬಿದ್ದರೆ ಪೆಟ್ರೋಲ್ ಬಾಗಿಲವರೆಗೆ ಬಂದಿದೆ. ಒಳಗಿನ ಜೆಟ್ಟನ್ನೋ (ಪೆಟ್ರೋಲನ್ನು ಅಳತೆಯಾಗಿ ಬಿಡುವ ಸಣ್ಣ ತೂತಿನ ತಿರುಪು) ಕಿಡಿಯನ್ನೋ ನೋಡಬೇಕು. ಬಲ್ಬ್ ಒತ್ತಿದ ಮೇಲೆ ಈ ಪರೀಕ್ಷೆಗೆ ಅರ್ಥವಿಲ್ಲ, ಏಕೆಂದರೆ ಖಾಲಿ ಬಟ್ಟಲನ್ನು ನೀವೇ ತುಂಬಿಸಿರುತ್ತೀರಿ. ನಿಂತ ಕೂಡಲೇ ನಾವೆಲ್ಲ ಅಭ್ಯಾಸಬಲದಿಂದ ಮಾಡುವುದು ಅದನ್ನೇ: ಬಲ್ಬ್ ಒತ್ತುತ್ತೇವೆ, ಹಗ್ಗ ಎಳೆಯುತ್ತೇವೆ, ಸಾಕ್ಷ್ಯ ಅಳಿದುಹೋಗುತ್ತದೆ.

ಎರಡನೆಯ ಸುತ್ತಿನಲ್ಲಿ, ಎಂಜಿನ್ ಮುಗ್ಗರಿಸತೊಡಗಿದ ಕೂಡಲೇ ಜೊತೆಗಾರರು ಬಲ್ಬನ್ನು ಒಂದೇ ಸಮ ಒತ್ತಲಿ. ಎಂಜಿನ್ ಚೇತರಿಸಿಕೊಂಡು ಓಡಿದರೆ ಪಂಪು ಅಥವಾ ಪೈಪಿನ ತೊಂದರೆ ಖಚಿತ. ಚೇತರಿಸದಿದ್ದರೆ ಮೂರನೆಯ ಸುತ್ತಿನಲ್ಲಿ ಬಲ್ಬಿನ ಬದಲು ಚೋಕನ್ನು ಅರ್ಧ ಎಳೆಯಿರಿ. ಚೋಕಿಗೆ ವೇಗ ಏರಿದರೆ ಎಂಜಿನ್ ಹಸಿದಿದೆ. ಮುಖ್ಯ ಜೆಟ್ ಕಟ್ಟಿದೆ. ಚೋಕಿಗೆ ಇನ್ನಷ್ಟು ಕುಗ್ಗಿದರೆ ಪೆಟ್ರೋಲ್ ಸಾಕಷ್ಟಿದೆ, ಕಿಡಿಯ ಕಡೆ ಹೊರಳಿ.

ಟ್ಯಾಂಕಿನಿಂದ ಪಂಪಿನವರೆಗೆ

ನಾನು ಕಂಡ ಮಟ್ಟಿಗೆ ಈ ದೋಷದ ಮೂಲ ಹೆಚ್ಚಾಗಿ ಇಲ್ಲಿಯೇ ಸಿಗುತ್ತದೆ, ಆದ್ದರಿಂದ ಇಲ್ಲಿ ಅವಸರ ಬೇಡ.

ಟ್ಯಾಂಕಿನ ಮುಚ್ಚಳದ ಮೇಲೊಂದು ಗಾಳಿಯ ತಿರುಪು ಇರುತ್ತದೆ. ಸಾಗಿಸುವಾಗ ಮುಚ್ಚಿ, ಓಡಿಸುವಾಗ ಬಿಚ್ಚಬೇಕಾದ್ದು. ಬಿಚ್ಚಿದ್ದರೂ ಉಪ್ಪು ಮತ್ತು ಧೂಳಿನಿಂದ ತೂತು ಕಟ್ಟಿರಬಹುದು. ಬಾಯಿಯಿಂದ ಊದಬೇಡಿ, ಸಣ್ಣ ತಂತಿ ಹಾಕಿ, ಆಮೇಲೆ ಗಾಳಿ ಹೊಡೆಯಿರಿ. ಐಡ್ಲಿಂಗ್‌ನಲ್ಲಿ ಎಂಜಿನ್ ಕುಡಿಯುವುದು ಎಷ್ಟು ಕಡಿಮೆ ಎಂದರೆ ಗಾಳಿ ಹೋಗದ ಟ್ಯಾಂಕಿನಲ್ಲೂ ಬಹಳ ಹೊತ್ತು ನಡೆಯುತ್ತದೆ. ಪೂರ್ತಿ ಥ್ರಾಟಲಿಗೆ ಐದು ನಿಮಿಷ ಸಾಕು, ಒಳಗೆ ಗಾಳಿಯ ಒತ್ತಡ ಇಳಿದು ಪಂಪಿಗೆ ಎಳೆಯಲಾಗುವುದಿಲ್ಲ. ನಿಂತ ಮೇಲೆ ನಿಧಾನಕ್ಕೆ ಗಾಳಿ ಸೇರಿಕೊಳ್ಳುತ್ತದೆ, ಎಂಜಿನ್ ಮತ್ತೆ ಹೊತ್ತಿಕೊಳ್ಳುತ್ತದೆ. ಮೇಲೆ ಹೇಳಿದ ಲಕ್ಷಣ ಅಕ್ಷರಶಃ ಇದು.

ಟ್ಯಾಂಕಿನೊಳಗೆ ಇಳಿದಿರುವ ಕೊಳವೆಯ ತುದಿಯ ಜಾಲರಿಯನ್ನು ತೆಗೆದು ನೋಡಿ. ಹಳೆಯ ಕಬ್ಬಿಣದ ಟ್ಯಾಂಕಾದರೆ ತುಕ್ಕಿನ ಪುಡಿ, ಪ್ಲಾಸ್ಟಿಕ್ಕಿನದಾದರೆ ಅಂಟಿನಂಥ ಕೆಸರು. ಓಡುವಾಗ ಕುಲುಕಿ ಜಾಲರಿಗೆ ಬಂದು ಕೂರುವ ಕಸ, ನಿಂತ ಮೇಲೆ ತಳಕ್ಕೆ ಜಾರುತ್ತದೆ. ಆದ್ದರಿಂದಲೇ ದಡದಲ್ಲಿ ನೋಡುವಾಗ ಎಲ್ಲ ಸ್ವಚ್ಛವಾಗಿಯೇ ಕಾಣುತ್ತದೆ.

ಈಗ ಪೆಟ್ರೋಲ್. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಇಂಧನ ಸಮ್ಮೇಳನದಲ್ಲಿ 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ಸಿಕ್ಕಿತು. ಈಗ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಎಪ್ಪತ್ತು, ಎಂಬತ್ತು, ತೊಂಬತ್ತರ ದಶಕದ ಎಂಜಿನ್ನಿಗೆ ಇದರಿಂದ ಮೂರು ತೊಂದರೆ. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಮೆತ್ತಗಾಗಿಸುತ್ತದೆ. ಅದರಲ್ಲಿ ಆಮ್ಲಜನಕ ಇರುವುದರಿಂದ ಅದೇ ಜೆಟ್ಟಿನಲ್ಲಿ ಮಿಶ್ರಣ ಸ್ವಲ್ಪ ತೆಳುವಾಗುತ್ತದೆ. ತಾನಾಗಿ ಸರಿಪಡಿಸಿಕೊಳ್ಳುವ ವ್ಯವಸ್ಥೆ ಹಳೆಯ ಕಾರ್ಬುರೇಟರಿಗಿಲ್ಲ, ಹಾಗಾಗಿ ಪಿಸ್ಟನ್ ಹೆಚ್ಚು ಬಿಸಿಯಾಗುತ್ತದೆ. ಮೂರನೆಯದೇ ದೊಡ್ಡದು: ಎಥನಾಲ್ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ನಮ್ಮ ಕರಾವಳಿಯಲ್ಲಿ ಅರ್ಧ ತುಂಬಿದ ಟ್ಯಾಂಕನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಲೆಯಲ್ಲಿಟ್ಟರೆ ಅದು ಸಾಕಷ್ಟು ನೀರು ಕುಡಿದಿರುತ್ತದೆ. ಹೀರಿದ ನೀರು ಮಿತಿ ಮೀರಿದ ಕೂಡಲೇ ನೀರೂ ಎಥನಾಲೂ ಒಟ್ಟಾಗಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕಿಳಿಯುತ್ತವೆ. ಟೂ ಸ್ಟ್ರೋಕ್ ಎಂಜಿನ್ನಿಗೆಂದು ನೀವು ಬೆರೆಸಿದ ಎಣ್ಣೆ ಮಾತ್ರ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಕೊಳವೆ ಹೀರುವುದು ತಳದಿಂದ. ಎಣ್ಣೆಯೇ ಇಲ್ಲದ ದ್ರವ ಎಂಜಿನ್ನಿಗೆ ಹೋದರೆ ಅದು ಬರೀ ನಿಲ್ಲುವುದಲ್ಲ, ಹಿಡಿದುಕೊಳ್ಳುತ್ತದೆ.

ಪರೀಕ್ಷೆ ಸುಲಭ. ಟ್ಯಾಂಕಿನ ತಳದಿಂದ ಅರ್ಧ ಲೀಟರ್ ತೆಗೆದು ಗಾಜಿನ ಬಾಟಲಿಯಲ್ಲಿ ಅರ್ಧ ಗಂಟೆ ಅಲುಗಾಡಿಸದೆ ಇಡಿ. ನಡುವೆ ಗೆರೆ ಕಂಡರೆ, ಅಥವಾ ಮಂಜು ಕವಿದಂತಿದ್ದರೆ ಟ್ಯಾಂಕಿನ ಪೆಟ್ರೋಲ್ ಅಷ್ಟನ್ನೂ ಬಳಸದೆ ಬಿಡಿ. ಮೇಲಿನದು ಚೆನ್ನಾಗಿದೆಯಲ್ಲ ಎಂದು ಸೋಸಿ ಬಳಸಬೇಡಿ. ಹೊಸ ಪೆಟ್ರೋಲಿಗೆ ಎಣ್ಣೆ ಬೆರೆಸುವಾಗ ಎಂಜಿನ್ ಪುಸ್ತಕದ ಅಳತೆಯನ್ನೇ ನಂಬಿ. 50:1 ಎಂದಿದ್ದರೆ ಲೀಟರಿಗೆ 20 ಮಿಲಿ, 25:1 ಎಂದಿದ್ದರೆ 40 ಮಿಲಿ. ಡಬ್ಬದ ಮೇಲೆ ಟಿಸಿ-ಡಬ್ಲ್ಯು3 ಎಂದು ಬರೆದಿರುವ, ನೀರಿನಿಂದ ತಂಪಾಗುವ ಎಂಜಿನ್ನಿಗೆಂದೇ ಮಾಡಿದ ಎಣ್ಣೆ ಬೇಕು. ಹಳೆಯ ಸ್ಕೂಟರಿನ ಟೂಟಿ ಎಣ್ಣೆ ಬೇರೆ ಕೆಲಸಕ್ಕೆ.

ಪೈಪಿನಲ್ಲಿ ಮೋಸ ಹೋಗುವುದು ಸುಲಭ. ಹೊರಗೆ ಹೊಳೆಯುವ ಪೈಪಿನ ಒಳಪದರ ಎಥನಾಲಿಗೆ ಕಳಚಿ, ಎಳೆತ ಹೆಚ್ಚಾದಾಗ ಒಳಗೇ ಮಡಚಿ ದಾರಿ ಮುಚ್ಚುತ್ತದೆ. ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಹಳೆಯ ದೋಣಿ ಕೊಂಡಾಗ ಪೈಪು, ಬಲ್ಬ್, ಕನೆಕ್ಟರ್ ಮೂರನ್ನೂ ಕಣ್ಣುಮುಚ್ಚಿ ಬದಲಿಸಿ ಎಂದೇ ನಾನು ಹೇಳುತ್ತೇನೆ. ಎಥನಾಲಿಗೆ ಹಾಳಾಗದ ಪೈಪನ್ನೇ ಕೇಳಿ ತನ್ನಿ, ಹಳೆಯದಕ್ಕಿಂತ ಒಳವ್ಯಾಸ ಕಿರಿದಾದದ್ದು ಬೇಡ. ಬಲ್ಬಿನ ಮೇಲಿನ ಬಾಣದ ಗುರುತು ಎಂಜಿನ್ನಿನ ಕಡೆಗಿರಬೇಕು. ಒತ್ತುವಾಗ ಬಾಣ ಮೇಲ್ಮುಖವಾಗಿರುವಂತೆ ಹಿಡಿದರೆ ಒಳಗಿನ ವಾಲ್ವ್ ಸರಿಯಾಗಿ ಕೂರುತ್ತದೆ. ಎಷ್ಟು ಒತ್ತಿದರೂ ಬಲ್ಬ್ ಗಟ್ಟಿಯಾಗದಿದ್ದರೆ ವಾಲ್ವ್ ಹೋಗಿದೆ, ಗಾಳಿ ಸೇರುತ್ತಿದೆ, ಇಲ್ಲವೇ ಕಾರ್ಬುರೇಟರಿನ ಸೂಜಿ ಮುಚ್ಚದೆ ಪೆಟ್ರೋಲ್ ಉಕ್ಕಿ ಹರಿಯುತ್ತಿದೆ.

ಗಾಳಿ ಸೇರುವ ಜಾಗ ಹುಡುಕಲು ಪಾರದರ್ಶಕ ಪೈಪನ್ನು ಪಂಪಿನ ಹತ್ತಿರ, ಸ್ವಲ್ಪ ಹೊತ್ತಿನ ಮಟ್ಟಿಗೆ ನಡುವೆ ಸೇರಿಸಿ ಓಡಿಸಿ. ಒಂದೆರಡು ಗುಳ್ಳೆ ಆರಂಭದಲ್ಲಿ ಬರುತ್ತವೆ. ಓಟದಲ್ಲಿ ಸಾಲುಸಾಲಾಗಿ ಗುಳ್ಳೆ ಓಡಿದರೆ ಎಂಜಿನ್ ತುದಿಯ ಕನೆಕ್ಟರಿನ ಓ-ರಿಂಗ್ ಮೇಲೆ ಮೊದಲ ಅನುಮಾನ. ಪೆಟ್ರೋಲ್ ಹೊರಗೆ ಸೋರದೆಯೂ ಅದು ಗಾಳಿ ಎಳೆಯಬಲ್ಲದು. ಪಂಪಿನದೇ ತೊಂದರೆಯೇ ಎಂದು ತಿಳಿಯಲು ಇನ್ನೊಂದು ದಾರಿ ಇದೆ: ಟ್ಯಾಂಕನ್ನು ಎಂಜಿನ್ನಿಗಿಂತ ಎತ್ತರದಲ್ಲಿ ಭದ್ರವಾಗಿಟ್ಟು ಓಡಿಸಿ. ಪೆಟ್ರೋಲ್ ತಾನಾಗಿ ಇಳಿಯುವಾಗ ದೋಷ ಮಾಯವಾದರೆ, ಎಳೆಯುವ ಶಕ್ತಿ ಕುಂದಿದೆ ಎಂದರ್ಥ. ಪಂಪಿನೊಳಗಿರುವುದು ತೆಳ್ಳನೆಯ ಪೊರೆ. ಎಂಜಿನ್ನಿನ ಕ್ರ್ಯಾಂಕ್‌ಕೇಸಿನ ಒತ್ತಡದ ಏರಿಳಿತಕ್ಕೆ ಅದು ಬಡಿದುಕೊಳ್ಳುತ್ತದೆ. ಗಟ್ಟಿಯಾದ, ಸೂಜಿಮೊನೆಯಷ್ಟು ತೂತಾದ ಪೊರೆ ನಿಧಾನ ಓಟಕ್ಕೆ ಸಾಕಾಗುತ್ತದೆ, ಪೂರ್ತಿ ವೇಗಕ್ಕೆ ಸಾಲದು. ಪೊರೆ, ಗ್ಯಾಸ್ಕೆಟ್ ಸೇರಿದ ಕಿಟ್ ಸಿಗುತ್ತದೆ. ಬಿಚ್ಚುವ ಮುನ್ನ ಪದರಗಳ ಕ್ರಮದ ಫೋಟೊ ತೆಗೆದುಕೊಳ್ಳಿ.

ಕಾರ್ಬುರೇಟರಿನ ಸರದಿ

ಬಟ್ಟಲು ತುಂಬಿದೆ, ಚೋಕಿಗೆ ವೇಗ ಏರುತ್ತದೆ ಎಂದಾದ ಮೇಲೆ ಬಿಚ್ಚಿ. ಐಡ್ಲಿಂಗಿಗೆ ಬೇರೆ ಸಣ್ಣ ಜೆಟ್, ಓಟಕ್ಕೆ ಬೇರೆ ದೊಡ್ಡ ಜೆಟ್. ಐಡ್ಲಿಂಗ್ ಸರಿಯಿದ್ದು ಓಟ ಕೆಟ್ಟಿರುವಾಗ ನೋಡಬೇಕಾದ್ದು ಬಟ್ಟಲಿನ ನಡುವಿನ ಮುಖ್ಯ ಜೆಟ್ ಮತ್ತು ಅದರ ಮೇಲಿನ ತೂತುಗಳ ಕೊಳವೆ. ತಂತಿ ಹಾಕಿ ಕೆರೆಯಬೇಡಿ. ಹಿತ್ತಾಳೆಯ ತೂತು ಕೂದಲೆಳೆಯಷ್ಟು ಹಿಗ್ಗಿದರೂ ಅಳತೆ ತಪ್ಪುತ್ತದೆ. ಕಾರ್ಬ್ ಕ್ಲೀನರಿನಲ್ಲಿ ನೆನೆಸಿ ಗಾಳಿ ಹೊಡೆದು, ಬೆಳಕಿಗೆ ಹಿಡಿದಾಗ ತೂತು ದುಂಡಗೆ ಕಾಣಬೇಕು.

ಮೀನುಗಾರರಿಂದ ಹಳೆಯ ಎಂಜಿನ್ ಕೊಂಡಿದ್ದರೆ ಒಂದು ಮಾತು ಕೇಳಿ ತಿಳಿದುಕೊಳ್ಳಿ: ಅದು ಸೀಮೆಎಣ್ಣೆಯದೇ? ನಮ್ಮ ನಾಡದೋಣಿಗಳಲ್ಲಿ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವ ಎಂಜಿನ್ನುಗಳು ಬಹಳ ಕಾಲದಿಂದ ಇವೆ. ಅವುಗಳ ಜೆಟ್ ಬೇರೆ, ಸಿಲಿಂಡರ್ ಹೆಡ್ಡಿನ ಅಳತೆಯೂ ಬೇರೆ, ಒಳಗೆ ಕಾರ್ಬನ್ನೂ ಜಾಸ್ತಿ. ಅರ್ಧಂಬರ್ಧ ಪೆಟ್ರೋಲಿಗೆ ಬದಲಿಸಿದ ಎಂಜಿನ್ನನ್ನು ಯಾವ ಕೈಪಿಡಿ ಹಿಡಿದು ಪರೀಕ್ಷಿಸಿದರೂ ಉತ್ತರ ತಪ್ಪು ಬರುತ್ತದೆ. ಮಾಡೆಲ್ ನಂಬರ್ ನೋಡಿ ಯಾವ ಬಿಡಿಭಾಗ ಯಾವುದರದ್ದೆಂದು ಮೊದಲು ಬಗೆಹರಿಸಿ.

ಕಿಡಿ

ಒಮ್ಮೆಲೇ ಕಟ್ ಆಗುವ ಎಂಜಿನ್ನಿಗೆ ಮೊದಲ ಪರೀಕ್ಷೆ ಕಿಲ್ ಸ್ವಿಚ್, ಅಂದರೆ ಎಂಜಿನ್ ನಿಲ್ಲಿಸುವ ಸ್ವಿಚ್. ಹಳೆಯ ಸ್ವಿಚ್ಚಿನ ಒಳಗೆ ಉಪ್ಪು ಕಟ್ಟಿ, ಅಲೆಗೆ ಕುಲುಕಿದಾಗ ಅರ್ಥ್ ತಾಗಿ ಕಿಡಿಯನ್ನು ಕೊಲ್ಲುತ್ತದೆ. ಅದರ ವಯರನ್ನು ಪರೀಕ್ಷೆಗಷ್ಟೇ ಕಳಚಿ ನೋಡಬಹುದು. ಆಗ ಎಂಜಿನ್ ನಿಲ್ಲಿಸಲು ಚೋಕ್ ಎಳೆಯಬೇಕು, ಇದು ಜೊತೆಗಾರರಿಗೂ ಗೊತ್ತಿರಲಿ. ಸ್ವಿಚ್ಚೇ ಕಾರಣ ಎಂದಾದರೆ ಹೊಸದು ಹಾಕಿ, ಕೈಗೆ ಕಟ್ಟುವ ದಾರದ ಸಮೇತ. ವಯರ್ ಕಳಚಿಟ್ಟೇ ಓಡಾಡುವವರನ್ನು ಕಂಡಿದ್ದೇನೆ. ಓಡಿಸುವವರು ನೀರಿಗೆ ಬಿದ್ದರೆ ಖಾಲಿ ದೋಣಿ ಸುತ್ತು ಹೊಡೆದು ಅವರ ಮೇಲೆಯೇ ಬರುತ್ತದೆ. ಆ ದಾರ ಇರುವುದು ಅದಕ್ಕಾಗಿ.

ಎಂಜಿನ್ ಬಿಸಿಯಿರುವಾಗಲೇ ಕಿಡಿ ನೋಡಬೇಕು. ಕಿಡಿಗೆ ವಿದ್ಯುತ್ ಒದಗಿಸುವ ಸಿಡಿಐ ಪೆಟ್ಟಿಗೆ, ಕಾಯಿಲ್ ಇವು ತಣ್ಣಗಿದ್ದಾಗ ಸರಿಯಿದ್ದು, ಬಿಸಿಯಾದಾಗ ಕೈಕೊಡುತ್ತವೆ; ಮನೆಗೆ ತರುವಷ್ಟರಲ್ಲಿ ಮತ್ತೆ ಸರಿಯಾಗಿರುತ್ತವೆ. ಪ್ಲಗ್ಗನ್ನು ಬ್ಲಾಕಿಗೆ ತಾಗಿಸಿ ನೋಡುವ ಕಿಡಿ ಏನನ್ನೂ ಸಾಬೀತುಪಡಿಸುವುದಿಲ್ಲ, ತೆರೆದ ಗಾಳಿಯಲ್ಲಿ ದುರ್ಬಲ ಕಿಡಿಯೂ ಹಾರುತ್ತದೆ. ಸುಮಾರು 9 ಮಿಮೀ ಅಂತರ ಇಟ್ಟ ಟೆಸ್ಟರಿನಲ್ಲಿ ನೀಲಿಯಾಗಿ 'ಚಟ್' ಎಂದು ಹಾರಿದರೆ ನಂಬಬಹುದು. ಕೈಯಲ್ಲಿ ಹಿಡಿಯಬೇಡಿ, ಸಿಡಿಐ ಏಟು ಜೋರಾಗಿರುತ್ತದೆ. ಎರಡು ಸಿಲಿಂಡರಿನ ಎಂಜಿನ್ನಾದರೆ ಒಂದರಲ್ಲಿ ಮಾತ್ರ ಕಿಡಿ ಹೋಗಿದ್ದರೂ ಐಡ್ಲಿಂಗ್ ನಡೆದುಬಿಡುತ್ತದೆ, ಓಟದಲ್ಲಿ ಮಾತ್ರ ಅರ್ಧ ಬಲ. ದೂರ ಓಡಿಸಿ ನಿಂತ ಕೂಡಲೇ ಎರಡೂ ಪ್ಲಗ್ ಬಿಚ್ಚಿ ಪಕ್ಕಪಕ್ಕ ಇಡಿ. ಒಂದು ಕಂದು, ಒಂದು ಎಣ್ಣೆಯಲ್ಲಿ ಒದ್ದೆಯಾಗಿದ್ದರೆ ಒದ್ದೆಯದು ಉರಿಯುತ್ತಿಲ್ಲ. ಎರಡೂ ಬೂದಿಯಂತೆ ಬಿಳಿಯಾಗಿದ್ದರೆ ಮಿಶ್ರಣ ತೆಳು. ಮತ್ತೆ ಪೆಟ್ರೋಲಿನ ಕಡೆಗೇ ಹೋಗಿ, ತಡ ಮಾಡಬೇಡಿ.

ಬಿಸಿ

ಎಂಜಿನ್ನನ್ನು ತಂಪು ಮಾಡುವ ನೀರು ಹಿಂದೆ ಎಳೆಯಾಗಿ ಬೀಳುತ್ತದೆ, ಅದನ್ನು ಓಟದಲ್ಲೂ ನೋಡುವ ಅಭ್ಯಾಸ ಬೆಳೆಸಿಕೊಳ್ಳಿ. ಐಡ್ಲಿಂಗ್‌ನಲ್ಲಿ ತೆಳ್ಳಗೆ ಬಂದು ವೇಗಕ್ಕೆ ಬಲವಾಗಬೇಕು. ಎಳೆ ನಿಂತಿದ್ದರೆ ಮೊದಲು ಆ ತೂತಿಗೇ ತಂತಿ ಹಾಕಿ, ಮರಳು ಅಥವಾ ಉಪ್ಪು ಕಟ್ಟಿರುವುದುಂಟು. ಆಮೇಲೂ ಬಾರದಿದ್ದರೆ ಎಂಜಿನ್ನಿನ ಕಾಲಿನೊಳಗೆ ತಿರುಗುತ್ತಾ ನೀರು ಮೇಲೆತ್ತುವ ರಬ್ಬರ್ ಇಂಪೆಲ್ಲರ್ ನೋಡಿ. ವರ್ಷಗಟ್ಟಲೆ ಶೆಡ್ಡಿನಲ್ಲಿದ್ದ ಎಂಜಿನ್ನಿನಲ್ಲಿ ಅದರ ರೆಕ್ಕೆಗಳು ಬಾಗಿದಲ್ಲೇ ಗಟ್ಟಿಯಾಗಿರುತ್ತವೆ. ನೀರಿಲ್ಲದೆ ಕೆಲವೇ ಸೆಕೆಂಡು ಓಡಿಸಿದರೂ ಅದು ಸುಡುತ್ತದೆ. ಹಳೆಯ ದೋಣಿ ತೋರಿಸುವವರು 'ನೋಡಿ, ಒಂದೇ ಎಳೆತಕ್ಕೆ ಸ್ಟಾರ್ಟ್' ಎಂದು ನೆಲದ ಮೇಲೆಯೇ ಎಳೆದು ತೋರಿಸಿದರೆ ಇಂಪೆಲ್ಲರ್ ಬೆಲೆಯನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಬದಲಿಸುವಾಗ ಹಳೆಯದರ ರೆಕ್ಕೆ ಎಣಿಸಿ. ಒಂದು ತುಂಡು ಕಾಣೆಯಾಗಿದ್ದರೆ ಅದು ಮೇಲಿನ ನೀರಿನ ಕೊಳವೆಯಲ್ಲಿ ಸಿಕ್ಕಿಕೊಂಡಿದೆ; ಅದನ್ನು ತೆಗೆಯದೆ ಹೊಸ ಇಂಪೆಲ್ಲರ್ ಹಾಕಿ ಪ್ರಯೋಜನವಿಲ್ಲ. ಹೊಸದಕ್ಕೆ ಸೋಪಿನ ನೀರು ಹಚ್ಚಿ, ಶಾಫ್ಟನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸುತ್ತಾ ಮುಚ್ಚಳದೊಳಗೆ ಕೂರಿಸಿ, ರೆಕ್ಕೆಗಳು ಸರಿಯಾದ ಕಡೆಗೆ ಬಾಗುತ್ತವೆ. ಥರ್ಮೋಸ್ಟಾಟ್ ಇರುವ ಎಂಜಿನ್ನಾದರೆ ಅದನ್ನು ಬಿಚ್ಚಿ ಬಿಸಿನೀರಿನ ಪಾತ್ರೆಯಲ್ಲಿ ಹಾಕಿ. ಸಾಮಾನ್ಯವಾಗಿ 50ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ತೆರೆಯಬೇಕು. ಎಳೆ ಚೆನ್ನಾಗಿ ಬರುತ್ತಿದ್ದರೂ ಹೆಡ್ಡಿನ ಮೇಲೆ ಹಾಕಿದ ನೀರ ಹನಿ ಚುಂಯ್ ಎಂದು ಹಾರಿಹೋದರೆ ಒಳಗಿನ ನೀರಿನ ದಾರಿಗಳಲ್ಲಿ ಉಪ್ಪು ಗಟ್ಟಿಯಾಗಿದೆ, ಹೆಡ್ ಬಿಚ್ಚಲೇಬೇಕು. ಬೋಲ್ಟ್ ಮುರಿಯುವ ಕೆಲಸ ಅದು, ಅನುಭವ ಇರುವ ಮೆಕ್ಯಾನಿಕ್ ಕೈಗೆ ಕೊಡಿ.

ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಹುಟ್ಟಿಸುವ ಒತ್ತಡದ ಬಗ್ಗೆ ಎರಡೇ ಮಾತು. ದೋಣಿ ಕೊಂಡ ದಿನವೇ ಗೇಜ್ ಹಾಕಿ ಅಳೆದು ಬರೆದಿಡಿ. ಪೆಟ್ರೋಲ್ ಎಂಜಿನ್ ನೂರು ಪಿಎಸ್‌ಐ ಆಸುಪಾಸು ಅಥವಾ ಮೇಲಿದ್ದರೆ ಒಳ್ಳೆಯದು, ಸೀಮೆಎಣ್ಣೆಯದು ಕಡಿಮೆಯಿರುವುದು ಅದರ ಸ್ವಭಾವ. ಎರಡು ಸಿಲಿಂಡರ್ ನಡುವೆ ಹತ್ತು ಹದಿನೈದು ಶೇಕಡಾಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಮೇಲೆ ಹೇಳಿದ ಎಲ್ಲ ಕೆಲಸಕ್ಕೂ ಮುಂಚೆ ರಿಂಗ್ ಮತ್ತು ಬೋರ್ ನೋಡಬೇಕು.

ಎಂಜಿನ್ ನಿಲ್ಲುವುದಿಲ್ಲ, ದೋಣಿ ಏಳುವುದಿಲ್ಲ

ಇದನ್ನೂ ಎಷ್ಟೋ ಜನ 'ಪಿಕಪ್ ಇಲ್ಲ' ಎಂದು ಎಂಜಿನ್ನಿನ ತಲೆಗೇ ಕಟ್ಟುತ್ತಾರೆ. ಶಬ್ದ ಗಮನಿಸಿ. ಥ್ರಾಟಲಿಗೆ ಎಂಜಿನ್ ಕಿರುಚುತ್ತದೆ, ದೋಣಿ ಮಾತ್ರ ಮುಂದೆ ಹೋಗುವುದಿಲ್ಲ ಎಂದಾದರೆ ನೀರನ್ನು ತಳ್ಳುವ ಫ್ಯಾನಿನ (ಪ್ರೊಪೆಲ್ಲರ್) ನಡುವಿನ ರಬ್ಬರ್ ಬುಷ್ ಜಾರುತ್ತಿದೆ. ಒಳಗಿನ ಲೋಹಕ್ಕೂ ಹೊರಗಿನ ಫ್ಯಾನಿಗೂ ಸೇರಿಸಿ ಬಣ್ಣದಲ್ಲಿ ಒಂದೇ ಗೆರೆ ಎಳೆದು ಓಡಿಸಿ ಬನ್ನಿ. ಗೆರೆ ಎರಡಾಗಿದ್ದರೆ ಜಾರಿದ್ದು ಖಚಿತ. ಎಂಜಿನ್ ಎತ್ತರ ಜಾಸ್ತಿಯಾಗಿದ್ದರೂ ಫ್ಯಾನ್ ಗಾಳಿ ಎಳೆದು ಹೀಗೇ ಕಿರುಚುತ್ತದೆ. ಫ್ಯಾನಿನ ಮೇಲಿರುವ ಚಪ್ಪಟೆ ರೆಕ್ಕೆ ದೋಣಿಯ ತಳದ ಮಟ್ಟದಲ್ಲಿ, ಇಲ್ಲವೇ ಒಂದಿಂಚು ಕೆಳಗಿರಬೇಕು. ಶಾರ್ಟ್ ಶಾಫ್ಟ್ ಎಂಜಿನ್ನಿಗೆ ಹಿಂಬದಿ ಹಲಗೆಯ ಎತ್ತರ ಸುಮಾರು 15 ಇಂಚು, ಲಾಂಗ್ ಶಾಫ್ಟಿಗೆ 20.

ಎಂಜಿನ್ ಕಿರುಚುವುದೂ ಇಲ್ಲ, ದೋಣಿ ಏಳುವುದೂ ಇಲ್ಲ ಎಂದಾದರೆ ಭಾರ ಹುಡುಕಿ. ಫೈಬರ್ ದೋಣಿಯ ನೆಲದಡಿ ತುಂಬಿದ ಫೋಮ್ ವರ್ಷಾನುಗಟ್ಟಲೆ ನೀರು ಕುಡಿದು ಒಂದಾಳು, ಎರಡಾಳಿನಷ್ಟು ತೂಕವನ್ನು ಬಚ್ಚಿಟ್ಟುಕೊಂಡಿರುತ್ತದೆ. ನೆಲದಲ್ಲಿ ಬೆರಳಗಲದ ತೂತು ಕೊರೆದು ಒಂದು ಚೂರು ಫೋಮ್ ತೆಗೆದು ಹಿಂಡಿ. ನೀರು ಬಂದರೆ ನೆಲ ಕತ್ತರಿಸಿ ಎಲ್ಲವನ್ನೂ ತೆಗೆಯಬೇಕಾಗುತ್ತದೆ. ಅದೇ ಹೊತ್ತಿಗೆ ಎಂಜಿನ್ ಕೂರುವ ಹಿಂಬದಿ ಹಲಗೆಯನ್ನು ಸ್ಕ್ರೂಡ್ರೈವರ್ ಹಿಡಿಯಿಂದ ಉದ್ದಕ್ಕೂ ಬಡಿಯಿರಿ. ಗಟ್ಟಿ ಶಬ್ದದ ನಡುವೆ ಮಂಕು ಶಬ್ದ ಬಂದಲ್ಲಿ ಒಳಗಿನ ಪ್ಲೈವುಡ್ ಕೊಳೆತಿದೆ. ಅಂಥ ಹಲಗೆಯ ಮೇಲೆ ಎಂಜಿನ್ ತೂಗಿಸಿಕೊಂಡು ಹೊಳೆಗಿಳಿಯಬಾರದು. ಫೋಮ್ ತೆಗೆದ ದೋಣಿಯನ್ನು ಮಾರ್ಚ್, ಏಪ್ರಿಲ್ ಬಿಸಿಲಿಗೆ ನೀರಿಳಿಯುವ ತೂತು ತೆರೆದಿಟ್ಟು ಒಣಗಿಸಿ. ಹಲಗೆ ಬದಲಿಸುವುದಾಗಲಿ, ಹೊಸ ಫೋಮ್ ತುಂಬುವುದಾಗಲಿ ಅದು ಪೂರ್ತಿ ಒಣಗಿದ ಮೇಲೆಯೇ, ಮೊದಲ ಮಳೆ ಬೀಳುವ ಮುಂಚೆ.